585101 ಅವಿಭಾಜ್ಯ ಅಲ್ಲ
ನಮ್ಮ ಕಲಬುರಗಿ ಪಿನ್ ಕೋಡ್ 585101 ಅವಿಭಾಜ್ಯ ಸಂಖ್ಯೆನಾ ಅಂತ ಕೇಳಿದ್ದೀರಿ. ಅಲ್ಲರೀ. 2, 3, 5, 7 ಯಾವುದರಿಂದಲೂ ಭಾಗವಾಗುವುದಿಲ್ಲ, ಅದಕ್ಕೇ ನಿಮಗೆ ಹಾಗನಿಸಿರಬೇಕು.

ಮೂರು ಮೂರು ಅಂಕಿಯಾಗಿ ಒಡೆದು ಕಳೆಯಿರಿ, 585ರಲ್ಲಿ 101 ಹೋದರೆ 484. 7, 11, 13 ಗುಣಿಸಿದರೆ 1001 ಬರುತ್ತದೆ ಅಲ್ವಾ, ಹಾಗಾಗಿ ಈ ಚಿಕ್ಕ 484 ಒಂದನ್ನೇ ನೋಡಿದರೆ ಈ 7, 11, 13 ಮೂರೂ ಸಂಖ್ಯೆಗಳ ಪರೀಕ್ಷೆ ಒಟ್ಟಿಗೇ ಮುಗಿಯುತ್ತದೆ, ನನಗಂತೂ ಈ ದಾರಿ ತುಂಬಾ ಇಷ್ಟ. 484 ಅಂದರೆ 11×44. ಸಿಕ್ಕಿತು!

585101ನ್ನು 11ರಿಂದ ಭಾಗಿಸಿದರೆ ಬರುವ 53191ಕ್ಕೆ ಸ್ವಲ್ಪ ತಾಳ್ಮೆ ಬೇಕು, ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತಾ 43ರವರೆಗೆ ಹೋಗಬೇಕು. 43ರಿಂದ ಭಾಗವಾಗಿ 1237 ಬರುತ್ತದೆ. 43ಕ್ಕಿಂತ ಚಿಕ್ಕ ಅವಿಭಾಜ್ಯ ಯಾವುದೂ 53191ನ್ನು ಭಾಗಿಸಲಿಲ್ಲ, 1237 ಬೇರೆ 43ರ ವರ್ಗ 1849ಕ್ಕಿಂತ ಕಡಿಮೆ, ಅಂದ ಮೇಲೆ ಅದು ಅವಿಭಾಜ್ಯವೇ, ಮತ್ತೆ ಸುಮ್ನೆ ಭಾಗಿಸುತ್ತಾ ಕೂರಬೇಡಿ. ಉತ್ತರ 11×43×1237.