ರ‍್ಯಾಮ್ ಹಾಕಿಸಿದರೆ ಗೇಮ್ ಚುರುಕಾದೀತೇ?

ಲ್ಯಾಪ್‌ಟಾಪ್‌ನಲ್ಲಿ ಗೇಮ್ ತಡವರಿಸುತ್ತದೆ, ರ‍್ಯಾಮ್ ಹೆಚ್ಚಿಸಲೇ ಎಂದು ಕೇಳಿದ ಪತ್ರಗಳು ಈ ಸಲ ಒಟ್ಟಿಗೆ ಬಂದಿವೆ. ಹೆಚ್ಚಿನವು ಕಾಸರಗೋಡಿನ ಕಡೆಯವು, ಉಳಿದವು ಹೊಸೂರು, ರಾಯದುರ್ಗ, ಜತ್ತದವು. ಪ್ರಶ್ನೆ ಒಂದೇ ಥರ ಕಂಡರೂ ಉತ್ತರ ಒಂದೇ ಅಲ್ಲ.

ಪ್ರಶ್ನೆ: ನನ್ನ ಲ್ಯಾಪ್‌ಟಾಪ್‌ನಲ್ಲಿ ರೈಜನ್ 5 5500ಯು ಪ್ರೊಸೆಸರ್, 8 ಜಿಬಿ ಡಿಡಿಆರ್4 ರ‍್ಯಾಮ್ ಇದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಜಿಟಿಎ 5 ಆಡಿದರೆ ಸೆಕೆಂಡಿಗೆ 30 ಫ್ರೇಮ್ (ಚಿತ್ರ) ಆಸುಪಾಸು ಬರುತ್ತದೆ, ಪೇಟೆಯೊಳಗೆ ಗಾಡಿ ಓಡಿಸುವಾಗ ನಿಂತು ನಿಂತು ಹೋಗುತ್ತದೆ. ಹಳೆಯ ಸ್ಟಿಕ್ ಕೊಟ್ಟುಬಿಡಿ, 16 ಜಿಬಿಯ ಒಂದೇ ಸ್ಟಿಕ್ ಹಾಕೋಣ ಎಂದು ಅಂಗಡಿಯವರು ಹೇಳುತ್ತಾರೆ. ಸರಿಯೇ? ಸೆಟ್ಟಿಂಗ್ಸ್‌ನಲ್ಲಿ 8 ಜಿಬಿ ಎಂದಿದ್ದರೂ 5.88 ಜಿಬಿ ಮಾತ್ರ ಬಳಕೆಗೆ ಎಂದು ತೋರಿಸುವುದೇಕೆ?
— ಪದವಿ ವಿದ್ಯಾರ್ಥಿ, ಪೆರ್ಲ

ಉತ್ತರ: ಹಳೆಯದನ್ನು ಕೊಡಬೇಡಿ. ಅದರ ಪಕ್ಕದ ಸ್ಲಾಟ್ ಖಾಲಿ ಇದ್ದರೆ ಇನ್ನೊಂದು 8 ಜಿಬಿ ಹಾಕಿಸಿ. ಒಟ್ಟು ಅದೂ 16, ಇದೂ 16. ಆದರೆ ನಿಮ್ಮ ಲ್ಯಾಪ್‌ಟಾಪ್‌ಗೆ ಎರಡೂ ಸಮವಲ್ಲ.

ನಿಮ್ಮ ಕಡೆ ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕಿದವರಿಗೆ ಇದು ಬೇಗ ತಿಳಿಯುತ್ತದೆ. ಟ್ಯಾಂಕ್ ದೊಡ್ಡದಾದರೆ ನೀರು ಹೆಚ್ಚು ಹೊತ್ತು ಸಿಗುತ್ತದೆ, ಅಷ್ಟೇ. ಸ್ಪ್ರಿಂಕ್ಲರ್ ಜೋರಾಗಿ ತಿರುಗಬೇಕಾದರೆ ಪೈಪು ದಪ್ಪ ಇರಬೇಕು. ರ‍್ಯಾಮ್‌ನಲ್ಲಿ ಜಿಬಿ ಎನ್ನುವುದು ಟ್ಯಾಂಕ್, ಚಾನೆಲ್ ಎನ್ನುವುದು ಪೈಪು. ಡಿಡಿಆರ್4 3200 ವೇಗದ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಜಿಬಿ ಸಾಗಿಸುತ್ತದೆ. ಎರಡು ಸ್ಲಾಟ್‌ನಲ್ಲಿ ಎರಡು ಸ್ಟಿಕ್ ಕೂತರೆ ಡ್ಯುಯಲ್ ಚಾನೆಲ್ ಆಗಿ 51.2 ಜಿಬಿ. 16 ಜಿಬಿಯ ಒಂಟಿ ಸ್ಟಿಕ್ ಹಾಕಿದರೆ ಟ್ಯಾಂಕ್ ದೊಡ್ಡದಾಗಿ ಪೈಪು ಹಳೆಯದೇ ಉಳಿಯುತ್ತದೆ.

ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದ ಲ್ಯಾಪ್‌ಟಾಪ್‌ನಲ್ಲಿ ಚಿತ್ರ ಬಿಡಿಸುವ ಚಿಪ್‌ಗೆ ಅದರದ್ದೇ ಮೆಮೊರಿ ಇರುತ್ತದೆ. ನಿಮ್ಮದರಲ್ಲಿ ಪ್ರೊಸೆಸರ್‌ನೊಳಗಿನ ವೇಗಾ ಗ್ರಾಫಿಕ್ಸ್‌ಗೂ ಈ ರ‍್ಯಾಮೇ ಆಧಾರ. ಒಂದೇ ಪೈಪಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಎರಡೂ ಎಳೆಯುತ್ತಿವೆ. ಆದ್ದರಿಂದ ಎರಡನೆಯ ಸ್ಟಿಕ್ ಹಾಕಿದ ಇಂಥ ಲ್ಯಾಪ್‌ಟಾಪ್‌ಗಳಲ್ಲಿ ಫ್ರೇಮ್ ಶೇ 30ರಿಂದ 50ರಷ್ಟು ಏರುವುದು ಸಾಮಾನ್ಯ. ಎನ್‌ವಿಡಿಯಾ ಕಾರ್ಡ್ ಇದ್ದವರು ಇಷ್ಟು ನಿರೀಕ್ಷಿಸಬಾರದು. ಅಲ್ಲಿ ಸರಾಸರಿ ಸ್ವಲ್ಪವೇ ಏರುತ್ತದೆ, ನಡುನಡುವೆ ಫ್ರೇಮ್ ಕುಸಿಯುವುದು ಮಾತ್ರ ಚೆನ್ನಾಗಿಯೇ ಕಡಿಮೆಯಾಗುತ್ತದೆ.

5.88ರ ಲೆಕ್ಕವೂ ಇಲ್ಲೇ ಇದೆ. ಬಯಾಸ್ (ಆನ್ ಆದೊಡನೆ ಓಡುವ ಮೂಲ ತಂತ್ರಾಂಶ) ಗ್ರಾಫಿಕ್ಸ್‌ಗೆಂದು 2 ಜಿಬಿಯನ್ನೂ ಇತರ ಯಂತ್ರಾಂಶಕ್ಕೆಂದು ಇನ್ನೊಂದು ಚೂರನ್ನೂ ಮೊದಲೇ ಎತ್ತಿಟ್ಟಿದೆ. ಉಳಿದದ್ದರಲ್ಲಿ ವಿಂಡೋಸ್ ಮತ್ತು ಹಿನ್ನೆಲೆಯ ಕಾರ್ಯಕ್ರಮಗಳು 3 ಜಿಬಿ ಹತ್ತಿರ ಹಿಡಿಯುತ್ತವೆ. ಗೇಮ್‌ಗೆ ಸಿಗುವುದು 3 ಜಿಬಿಗೂ ಕಡಿಮೆ. ಜಿಟಿಎ 5ರ ಮೂಲ ಪಿಸಿ ಆವೃತ್ತಿಗೆ ಕನಿಷ್ಠ 4, ಶಿಫಾರಸು 8 ಜಿಬಿ. ಜಾಗ ಸಾಲದೆ ಮಿಕ್ಕದ್ದನ್ನು ವಿಂಡೋಸ್ ಎಸ್‌ಎಸ್‌ಡಿಗೆ (ಕಡತಗಳನ್ನು ಉಳಿಸಿಡುವ ಡಿಸ್ಕ್) ಬರೆದು ಮತ್ತೆ ಓದುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಎಂಇ ಎಂಬ ವೇಗದ ಬಗೆಯ ಒಳ್ಳೆಯ ಎಸ್‌ಎಸ್‌ಡಿಯ ವೇಗವೂ ಸೆಕೆಂಡಿಗೆ 3.5 ಜಿಬಿ ಆಸುಪಾಸು, ಚೂರುಚೂರು ಓದುವಾಗ ಅದಕ್ಕಿಂತ ಎಷ್ಟೋ ಕಡಿಮೆ. ಪೇಟೆಯೊಳಗೆ ಗಾಡಿ ವೇಗವಾಗಿ ಹೋದಷ್ಟೂ ಹೊಸ ಕಟ್ಟಡ, ಹೊಸ ರಸ್ತೆ ತುಂಬಿಸಬೇಕು. ನಿಂತು ನಿಂತು ಹೋಗುವುದು ಇದರಿಂದ. ಹಾಗಾಗಿ ನಿಮಗೆ ಎರಡು ಕಡೆಯಿಂದಲೂ ಲಾಭವಿದೆ.

ದುಡ್ಡು ಕೊಡುವ ಮೊದಲು ಇಷ್ಟು ಪರೀಕ್ಷಿಸಿ. ಗೇಮ್ ಹತ್ತು ನಿಮಿಷ ಆಡಿ, ಆಡುತ್ತಿರುವಾಗಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್‌ನೊಳಗೆ ಮೆಮೊರಿ ನೋಡಿ. ಬಳಕೆ ಶೇ 90 ದಾಟಿ, ‘ಕಮಿಟೆಡ್’ ಕೆಳಗಿನ ಮೊದಲ ಸಂಖ್ಯೆ (ಎಲ್ಲ ಕಾರ್ಯಕ್ರಮಗಳು ಕೇಳಿರುವ ಒಟ್ಟು ಮೆಮೊರಿ) ನಿಮ್ಮ ರ‍್ಯಾಮ್‌ಗಿಂತ ದೊಡ್ಡದಿದ್ದರೆ ಕೊರತೆ ನಿಜ. ಅಲ್ಲೇ ಕೆಳಗೆ ‘ಸ್ಲಾಟ್ಸ್ ಯೂಸ್ಡ್’ ಮುಂದೆ 1 ಆಫ್ 2 ಎಂದಿದ್ದರೆ ಜಾಗವಿದೆ. ‘ಫಾರ್ಮ್ ಫ್ಯಾಕ್ಟರ್’ ಮುಂದೆ ‘ರೋ ಆಫ್ ಚಿಪ್ಸ್’ ಎಂದಿದ್ದರೆ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಆದರೆ ಈ ಪುಟ ಕೆಲವು ಮಾದರಿಗಳಲ್ಲಿ ಇಲ್ಲದ ಸ್ಲಾಟನ್ನೂ ಎಣಿಸುತ್ತದೆ, ಆದ್ದರಿಂದ ತಯಾರಕರ ಕೈಪಿಡಿಯನ್ನೂ ನೋಡಿಕೊಳ್ಳಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ 4 ಜಿಬಿ ಬೆಸುಗೆಯಾಗಿದ್ದು ಒಂದೇ ಸ್ಲಾಟ್ ಇರುತ್ತದೆ. ಅಲ್ಲಿ 8 ಹಾಕಿದರೆ ಮೊದಲ 4+4 ಜೋಡಿಯಾಗಿ ಓಡಿ, ಮಿಕ್ಕ 4 ಒಂಟಿಯಾಗಿ ಓಡುತ್ತದೆ. ಅದೂ ನಷ್ಟವಲ್ಲ.

ಕೊಳ್ಳುವಾಗ ಸ್ಟಿಕ್ಕಿನ ಚೀಟಿ ಓದಿ. ಪಿಸಿ4-3200 ಎಂಬುದರ ಹಿಂದೆ 1ಆರ್×8 ಅಥವಾ 1ಆರ್×16 ಎಂದು ಸಣ್ಣ ಅಕ್ಷರದಲ್ಲಿ ಇರುತ್ತದೆ. 8 ಜಿಬಿಯಲ್ಲಿ ಮೊದಲನೆಯದಕ್ಕೆ ಎಂಟು ಕಪ್ಪು ಚಿಪ್, ಎರಡನೆಯದಕ್ಕೆ ನಾಲ್ಕೇ. ಎಂಟು ಚಿಪ್ಪಿನದು ಗೇಮ್‌ನಲ್ಲಿ ತುಸು ಚುರುಕು. ಒಂದೇ ಬೆಲೆಗೆ ಸಿಕ್ಕರೆ ಅದನ್ನೇ ಕೇಳಿ. ಕಂಪನಿ ಬೇರೆ ಇದ್ದರೂ ನಡೆಯುತ್ತದೆ, ವೇಗ ಒಂದೇ ಇರಲಿ. 2666ರದು ಹಾಕಿದರೆ ಎರಡೂ 2666ಕ್ಕೆ ಇಳಿಯುತ್ತವೆ.

ಪ್ರಶ್ನೆ: ಲ್ಯಾಪ್‌ಟಾಪ್ ಕೊಳ್ಳುವಾಗ ಡಬ್ಬದ ಮೇಲೆ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ಎಂದಿತ್ತು. ಪ್ರೊಸೆಸರ್ ಐ5-1135ಜಿ7. ಆದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ‘ಇಂಟೆಲ್ ಯುಎಚ್‌ಡಿ’ ಎಂದಿದೆ. ಮೋಸವಾಯಿತೇ?
— ಮಂಜೇಶ್ವರದ ಓದುಗರು

ಉತ್ತರ: ಪ್ರೊಸೆಸರ್ ಸರಿಯಾದದ್ದೇ ಇದೆ. ಈ ಚಿಪ್ ತನ್ನನ್ನು ಐರಿಸ್ ಎಕ್ಸ್‌ಇ ಎಂದು ತೋರಿಸಬೇಕಾದರೆ ರ‍್ಯಾಮ್ ಎರಡು ಚಾನೆಲ್‌ನಲ್ಲಿ ಓಡಬೇಕೆಂಬುದು ಇಂಟೆಲ್‌ನ ನಿಯಮ. ಒಂದೇ ಸ್ಟಿಕ್ ಇದ್ದರೆ ಯುಎಚ್‌ಡಿ ಎಂದೇ ಬರುತ್ತದೆ. ಎರಡನೆಯದು ಹಾಕಿ ಮತ್ತೆ ಆನ್ ಮಾಡಿದರೆ ಹೆಸರು ತಾನಾಗಿ ಬದಲಾಗುತ್ತದೆ. ಬದಲಾಗದಿದ್ದರೆ ಇಂಟೆಲ್ ಡ್ರೈವರ್ ಹೊಸದಾಗಿ ಹಾಕಿ. ರ‍್ಯಾಮ್‌ನಿಂದ ಗೇಮ್‌ಗೆ ಖಂಡಿತ ಪ್ರಯೋಜನವಿದೆ ಎಂದು ಧೈರ್ಯವಾಗಿ ಹೇಳಬಹುದಾದ ಲ್ಯಾಪ್‌ಟಾಪ್ ನಿಮ್ಮದು.

ಪ್ರಶ್ನೆ: 16 ಜಿಬಿ (8+8) ಇದೆ. ಜಿಟಿಎಕ್ಸ್ 1650 ಕಾರ್ಡ್, 4 ಜಿಬಿ. ಗೇಮ್ ಮೊದಲ ಕಾಲು ಗಂಟೆ ಚೆನ್ನಾಗಿ ಓಡುತ್ತದೆ, ಆಮೇಲೆ 60 ಇದ್ದದ್ದು 35ಕ್ಕೆ ಇಳಿಯುತ್ತದೆ. 32 ಜಿಬಿ ಮಾಡಿಸಲು ದುಡ್ಡು ಕೂಡಿಟ್ಟಿದ್ದೇನೆ.
— ಕಾರ್ಖಾನೆ ಉದ್ಯೋಗಿ, ಹೊಸೂರು

ಉತ್ತರ: ಆ ದುಡ್ಡು ಹಾಗೇ ಇರಲಿ. ರ‍್ಯಾಮ್ ಸಾಲದಿದ್ದರೆ ತೊಂದರೆ ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ ಕಾಣಿಸುತ್ತಿತ್ತು. ಗಡಿಯಾರ ನೋಡಿದ ಹಾಗೆ ಕಾಲು ಗಂಟೆಗೆ ಇಳಿಯುವುದು ಬಿಸಿಯ ಲಕ್ಷಣ. ಪ್ರೊಸೆಸರ್ 95 ಡಿಗ್ರಿಯ ಹತ್ತಿರ ಬಂದರೆ ತನ್ನನ್ನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ.

ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿ, ಪರದೆಯ ಮೂಲೆಯಲ್ಲಿ ಪ್ರೊಸೆಸರ್ ಬಿಸಿ, ಅದರ ವೇಗ, ಗ್ರಾಫಿಕ್ಸ್ ಬಿಸಿ, ಗ್ರಾಫಿಕ್ಸ್ ಮೆಮೊರಿ ಕಾಣುವಂತೆ ಮಾಡಿ. ಗೇಮ್‌ನ ಒಂದೇ ಜಾಗದಲ್ಲಿ ನಿಂತು 5ನೆಯ ನಿಮಿಷಕ್ಕೊಮ್ಮೆ, 20ನೆಯ ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ಬಿಸಿ ಏರಿ ವೇಗ ಇಳಿದಿದ್ದರೆ ರೋಗ ಸಿಕ್ಕಿತು. ಹಿಂದಿನ ಮುಚ್ಚಳ ತೆಗೆದು, ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿದು, ತಾಮ್ರದ ಪೈಪಿನ ತುದಿಯ ಜಾಲರಿಗೆ ಬ್ಲೋವರ್ ಹಿಡಿಯಿರಿ. ಫ್ಯಾನಿಗೂ ಜಾಲರಿಗೂ ನಡುವೆ ಧೂಳು ಹತ್ತಿಯ ಪದರದ ಹಾಗೆ ಕೂತಿರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಮೂರು ವರ್ಷ ದಾಟಿದ್ದರೆ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಅಂಟು) ಬದಲಿಸಿ. ಲ್ಯಾಪ್‌ಟಾಪ್ ಚಿಪ್‌ಗೆ ಲೋಹದ ಮುಚ್ಚಳ ಇರುವುದಿಲ್ಲ, ಆದ್ದರಿಂದ ಪೇಸ್ಟ್ ಚಿಪ್ಪಿನ ಮೂಲೆ ಮೂಲೆಗೂ ತೆಳ್ಳಗೆ ಮುಟ್ಟಬೇಕು. ಇಷ್ಟಕ್ಕೆ ಮೊದಲು ಗೇಮ್‌ನಲ್ಲಿ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿ, ಲ್ಯಾಪ್‌ಟಾಪ್‌ನ ಹಿಂಭಾಗ ಒಂದಿಂಚು ಎತ್ತರಿಸಿ ನೋಡಿ. ಅಷ್ಟರಲ್ಲೇ ಎಷ್ಟೋ ಸರಿಹೋಗುತ್ತದೆ.

ಬಿಸಿ ಸರಿಯಿದ್ದು ಗ್ರಾಫಿಕ್ಸ್ ಮೆಮೊರಿ 4 ಜಿಬಿ ತುಂಬಿದ್ದರೆ ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ‘ಟೆಕ್ಸ್‌ಚರ್’ (ವಸ್ತುಗಳ ಮೇಲ್ಮೈ ಚಿತ್ರ) ಒಂದು ಹಂತ ಇಳಿಸಿ. ‘ಶೇರ್ಡ್ ಜಿಪಿಯು ಮೆಮೊರಿ 8 ಜಿಬಿ’ ಎಂದು ವಿಂಡೋಸ್ ತೋರಿಸುವುದನ್ನು ನೋಡಿ, ರ‍್ಯಾಮ್ ಹೆಚ್ಚಿಸಿದರೆ ಕಾರ್ಡಿನ ಮೆಮೊರಿಯೂ ಬೆಳೆಯುತ್ತದೆಂದು ಹಲವರು ನಂಬಿದ್ದಾರೆ, ಅದು ಸರಿಯಲ್ಲ. ಕಾರ್ಡಿನ ಸ್ವಂತ ಜಿಡಿಡಿಆರ್5 ಮೆಮೊರಿ ಸೆಕೆಂಡಿಗೆ 128 ಜಿಬಿ ಕೊಡುತ್ತದೆ. ರ‍್ಯಾಮ್‌ನಿಂದ ಕಾರ್ಡಿಗೆ ಬರುವ ದಾರಿಯಲ್ಲಿ 16 ಜಿಬಿಗಿಂತ ಹೆಚ್ಚು ಸಾಗದು. ಗೇಮ್ ಆ ದಾರಿಗೆ ಬಿದ್ದರೆ ತಡವರಿಸಲೇಬೇಕು.

ಪ್ರಶ್ನೆ: ತುಲಾ ತಿಂಗಳ ಗುಡುಗು ಶುರುವಾದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಆಡುತ್ತೇವೆ. ಆಗ ಗೇಮ್ ಅರ್ಧಕ್ಕರ್ಧ ನಿಧಾನ. ರ‍್ಯಾಮ್ ಹೆಚ್ಚಿಸಿದರೆ?
— ಮುಳ್ಳೇರಿಯದ ಅಣ್ಣ ತಂಗಿ

ಉತ್ತರ: ಪ್ರಯೋಜನವಿಲ್ಲ. ಗೇಮಿಂಗ್ ಲ್ಯಾಪ್‌ಟಾಪ್‌ನ ಚಾರ್ಜರ್ ಸಾಮಾನ್ಯವಾಗಿ 150 ವಾಟ್ ಆಸುಪಾಸು ಅಥವಾ ಮೇಲ್ಪಟ್ಟು ಕೊಡುತ್ತದೆ. ಬ್ಯಾಟರಿ ಅಷ್ಟು ಕೊಡಲಾರದು, ಹಾಗಾಗಿ ಗ್ರಾಫಿಕ್ಸ್ ಕಾರ್ಡ್ ತನ್ನ ಶಕ್ತಿ ಇಳಿಸಿಕೊಳ್ಳುತ್ತದೆ. ಚಾರ್ಜರ್ ಕೀಳುವುದನ್ನು ಮಾತ್ರ ಬಿಡಬೇಡಿ. ರೂಟರ್‌ನಿಂದ ಬರುವ ಲ್ಯಾನ್ ಕೇಬಲ್ಲನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಪ್ರಶ್ನೆ: ರ‍್ಯಾಮ್ ಬೂಸ್ಟರ್ ತಂತ್ರಾಂಶಗಳಿಂದ ಉಪಯೋಗವಿದೆಯೇ?
— ರಾಯದುರ್ಗದ ಓದುಗರು

ಉತ್ತರ: ಇಲ್ಲ. ಅವು ಗೇಮ್ ಬಳಸುತ್ತಿರುವ ಮಾಹಿತಿಯ ತುಣುಕುಗಳನ್ನೂ ರ‍್ಯಾಮ್‌ನಿಂದ ಹೊರದೂಡುತ್ತವೆ, ಗೇಮ್ ಅವನ್ನೇ ಮತ್ತೆ ಓದಬೇಕಾಗುತ್ತದೆ. ಆಡುವ ಮೊದಲು ಕ್ರೋಮ್ ಮುಚ್ಚಿ. ಪೇಜ್ ಫೈಲ್ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ವಿಂಡೋಸ್ ನೋಡಿಕೊಳ್ಳಲಿ, ಅದನ್ನು ತೆಗೆದುಹಾಕಿದರೆ ಗೇಮ್ ನಡುವೆಯೇ ಮುಚ್ಚಿಹೋದೀತು.

ಪ್ರಶ್ನೆ: ಮನೆಯಲ್ಲೇ 8 ಜಿಬಿ ಸ್ಟಿಕ್ ಹಾಕಿದೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು. ಹೊಸದನ್ನು ತೆಗೆದರೂ ಹಾಗೇ. ಬೋರ್ಡ್ ಹೋಯಿತೇ?
— ಉಪ್ಪಳದ ಓದುಗರು

ಉತ್ತರ: ಹೆದರಬೇಡಿ, ಬೋರ್ಡ್ ಹೋಗಿರುವ ಸಾಧ್ಯತೆ ಕಡಿಮೆ. ರ‍್ಯಾಮ್ ಬದಲಾದ ಮೇಲೆ ಮೊದಲ ಸಲ ಆನ್ ಮಾಡಿದಾಗ ಲ್ಯಾಪ್‌ಟಾಪ್ ಅದನ್ನು ಪರೀಕ್ಷಿಸಿ ಹೊಂದಿಸಿಕೊಳ್ಳುತ್ತದೆ. ಡಿಡಿಆರ್5ರಲ್ಲಿ ಇದಕ್ಕೆ ಹಲವು ನಿಮಿಷ ಬೇಕಾದೀತು. ಒಮ್ಮೆ ಆನ್ ಮಾಡಿ ಹತ್ತು ನಿಮಿಷ ಮುಟ್ಟದೆ ಕಾಯಿರಿ.

ಬರದಿದ್ದರೆ ಚಾರ್ಜರ್ ತೆಗೆದು ಮುಚ್ಚಳ ಬಿಚ್ಚಿ. ಸ್ಕ್ರೂಗಳ ಉದ್ದ ಬೇರೆ ಬೇರೆ, ಯಾವುದು ಎಲ್ಲಿಯದೆಂದು ಕಾಗದದ ಮೇಲೆ ಜೋಡಿಸಿಡಿ. ಬ್ಯಾಟರಿಯ ಕನೆಕ್ಟರ್ ಬಿಡಿಸಿ (ವಯರ್ ಹಿಡಿದು ಎಳೆಯಬೇಡಿ), ಪವರ್ ಬಟನ್ 20 ಸೆಕೆಂಡ್ ಒತ್ತಿ ಹಿಡಿಯಿರಿ. ಎರಡೂ ಸ್ಟಿಕ್ ಹೊರತೆಗೆಯಿರಿ. ಕರಾವಳಿಯ ತೇವಕ್ಕೆ ಚಿನ್ನದ ಬಣ್ಣದ ತುದಿಗಳ ಮೇಲೆ ಕಣ್ಣಿಗೆ ಕಾಣದ ಕಿಟ್ಟ ಕೂರುತ್ತದೆ, ಬೆರಳಿನ ಬೆವರೂ ಅದಕ್ಕೆ ಸೇರುತ್ತದೆ. ಬಿಳಿ ರಬ್ಬರಿನಿಂದ ತುದಿಯನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಉಜ್ಜಿ, ಪುಡಿಯನ್ನು ಬ್ರಶ್‌ನಿಂದ ಪೂರ್ತಿ ತೆಗೆಯಿರಿ. ಸ್ಲಾಟ್‌ನೊಳಗೆ ಬಾಯಿಯಿಂದ ಊದಬೇಡಿ, ಎಂಜಲ ಹನಿ ಒಳಗೆ ಬೀಳುತ್ತದೆ.

ಈಗ ಹಳೆಯ ಸ್ಟಿಕ್ ಒಂದನ್ನೇ ಹಾಕಿ. ಕಚ್ಚು ಸ್ಲಾಟಿನ ಗುಬುಟಿಗೆ ಹೊಂದಬೇಕು. ಸುಮಾರು 30 ಡಿಗ್ರಿ ಓರೆಯಾಗಿ ಹಿಡಿದು, ಚಿನ್ನದ ಗೆರೆ ಬಹುತೇಕ ಮರೆಯಾಗುವವರೆಗೆ ಒಳಕ್ಕೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ. ಎರಡೂ ಕಡೆಯ ಕ್ಲಿಪ್ ‘ಟಿಕ್’ ಎನ್ನಬೇಕು. ಗೆರೆ ಎದ್ದು ಕಾಣುತ್ತಿದ್ದರೆ ಕೂತಿಲ್ಲ ಎಂದರ್ಥ, ಕಪ್ಪು ಪರದೆಗೆ ಎಲ್ಲಕ್ಕಿಂತ ಸಾಮಾನ್ಯ ಕಾರಣ ಇದೇ. ಬ್ಯಾಟರಿ ಜೋಡಿಸಿ ಆನ್ ಮಾಡಿ. ಬಂದರೆ ಅದೇ ಸ್ಟಿಕ್ಕನ್ನು ಇನ್ನೊಂದು ಸ್ಲಾಟ್‌ನಲ್ಲಿ, ಆಮೇಲೆ ಹೊಸದನ್ನು ಒಂದೊಂದರಲ್ಲಿ ಪರೀಕ್ಷಿಸಿ. ಪ್ರತಿ ಸಲವೂ ಬ್ಯಾಟರಿ ಬಿಡಿಸಲೇಬೇಕು. ಹೊಸದು ಎರಡರಲ್ಲೂ ಬಾರದಿದ್ದರೆ ಬಿಲ್ ಜೊತೆ ಅಂಗಡಿಗೆ ಹಿಂದಿರುಗಿಸಿ.

ಪ್ರಶ್ನೆ: ಐ3-5005ಯು, 4 ಜಿಬಿ, 1 ಟಿಬಿ ಹಾರ್ಡ್ ಡಿಸ್ಕ್. ಮಗ ಹಳೆಯ ಗೇಮ್‌ಗಳನ್ನಷ್ಟೇ ಆಡುತ್ತಾನೆ, ತೆರೆಯುವುದಕ್ಕೇ ಐದು ನಿಮಿಷ. ರ‍್ಯಾಮ್ ಹಾಕಿಸಲೇ?
— ಶಿಕ್ಷಕರು, ಜತ್ತ

ಉತ್ತರ: ಮೊದಲು ಎಸ್‌ಎಸ್‌ಡಿ, ಆಮೇಲೆ ರ‍್ಯಾಮ್. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100 ಎಂಬಿ ಆಸುಪಾಸು ಓದುತ್ತದೆ, 2.5 ಇಂಚಿನ ಸಾಟಾ ಎಸ್‌ಎಸ್‌ಡಿ 500ಕ್ಕೂ ಹೆಚ್ಚು. ತೆರೆಯುವ ಐದು ನಿಮಿಷ ಇಳಿಯುವುದು ಅದರಿಂದಲೇ. ಆಮೇಲೆ ಒಂದು 4 ಜಿಬಿ ಸೇರಿಸಿ 8 ಮಾಡಿ. ಸ್ಟಿಕ್ಕಿನ ಮೇಲೆ ಡಿಡಿಆರ್3ಎಲ್, 1.35 ವೋಲ್ಟ್ ಎಂದಿರಲೇಬೇಕು. ಬರೀ ಡಿಡಿಆರ್3 ಎಂದರೆ 1.5 ವೋಲ್ಟ್, ಸ್ಲಾಟಿಗೆ ಸರಿಯಾಗಿ ಕೂತರೂ ಆನ್ ಆಗದು. ಡಿವಿಡಿ ಡ್ರೈವ್ ಇದ್ದರೆ ಅದರ ಜಾಗಕ್ಕೆ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಹಳೆಯ ಹಾರ್ಡ್ ಡಿಸ್ಕನ್ನು ಅಲ್ಲಿ ಕೂರಿಸಬಹುದು. ಕ್ಯಾಡಿ 9.5 ಮತ್ತು 12.7 ಮಿಲಿಮೀಟರ್ ದಪ್ಪದಲ್ಲಿ ಬರುತ್ತದೆ, ಡ್ರೈವ್ ಹೊರತೆಗೆದು ಅಳೆದೇ ತರಿಸಿ.