'ಡೈನ್ ಇಸ್ಟ್ ಮೈನ್ ಗಾನ್ಸೆಸ್ ಹೆರ್ಟ್ಸ್': ಯಾರ ದನಿಯಲ್ಲಿ ಕೇಳಬೇಕು?

ಮೂವರು ಟೆನರ್‌ಗಳ (ಎತ್ತರದ ದನಿಯ ಗಂಡು ಗಾಯಕರ) ಕಛೇರಿಯಲ್ಲಿ ಪ್ಲಾಸಿಡೊ ಡೊಮಿಂಗೊ ಈ ಜರ್ಮನ್ ಹಾಡು ಹಾಡಿದ್ದನ್ನು ಕೇಳಿ ಮರುಳಾದೆ, ಬೇರೆ ಯಾರು ಇದನ್ನು ಇನ್ನೂ ಚೆನ್ನಾಗಿ ಹಾಡಿದ್ದಾರೆ ಅಂತ ಕೇಳಿದ್ದೀರಿ. ನನ್ನ ಉತ್ತರ ರಿಚರ್ಡ್ ಟೌಬರ್. ದನಿಯ ಚೆಲುವು ಒಂದನ್ನೇ ನೋಡಿದರೆ ಫ್ರಿಟ್ಸ್ ವುಂಡರ್‌ಲಿಶ್. ಈ ಇಬ್ಬರ ಮಧ್ಯೆ ಎಷ್ಟೋ ರಾತ್ರಿ ಓಲಾಡಿದ್ದೇನೆ.

ಮೊದಲು ಹಾಡು ಎಲ್ಲಿ ಬರುತ್ತದೆ ಅಂತ ನೋಡಿ. ಇದು ಸಂಗೀತ ಸಂಯೋಜಕ ಫ್ರಾನ್ಸ್ ಲೆಹಾರ್ ಅವರ 'ಮುಗುಳ್ನಗೆಯ ನಾಡು' ಎಂಬ ಅಪೆರೆಟ್ಟಾದ್ದು, ಅಂದರೆ ಹಾಡೂ ಮಾತೂ ಬೆರೆತ ಹಗುರ ಸಂಗೀತ ನಾಟಕದ್ದು. 1929ರ ಅಕ್ಟೋಬರ್‌ನಲ್ಲಿ ಬರ್ಲಿನ್‌ನಲ್ಲಿ ಮೊದಲು ರಂಗಕ್ಕೆ ಬಂತು. ವಿಯೆನ್ನಾದ ಲೀಸಾ ಚೀನಾದ ರಾಜಕುಮಾರ ಸೂ-ಚಾಂಗ್‌ನನ್ನು ಮೆಚ್ಚಿ ಪೀಕಿಂಗ್‌ಗೆ (ಈಗಿನ ಬೀಜಿಂಗ್) ಹೋಗುತ್ತಾಳೆ. ಒಳಗೆ ಏನೇ ಇರಲಿ, ಮುಖದಲ್ಲಿ ನಗು ಇರಬೇಕು ಅಂತ ಬೆಳೆದವನು ಅವನು. ಮೊದಲ ಅಂಕದಲ್ಲೇ ಅದನ್ನು ಹಾಡಿ ಹೇಳುತ್ತಾನೆ. ಎರಡನೇ ಅಂಕದಲ್ಲಿ, ಸಂಪ್ರದಾಯದ ಪ್ರಕಾರ ಬೇರೆ ಹೆಂಡತಿಯರನ್ನೂ ಕಟ್ಟಿಕೊಳ್ಳಬೇಕು ಅನ್ನೋ ಒತ್ತಾಯ ಅವನ ಮೇಲೆ ಬೀಳುತ್ತದೆ. ಈ ಹಾಡು ಬರುವುದೂ ಅದೇ ಅಂಕದಲ್ಲಿ. ಮನಸ್ಸು ಬಿಚ್ಚಿ ಅಭ್ಯಾಸವೇ ಇಲ್ಲದವನು ಮನಸ್ಸು ಬಿಚ್ಚುತ್ತಾನೆ.

ಮೊದಲ ಪದವೇ 'ಡೈನ್', ಅಂದರೆ 'ನಿನ್ನದು'. ನಿನ್ನದೇ ನನ್ನ ಇಡೀ ಹೃದಯ. ಕನ್ನಡದಲ್ಲೂ ಅದೇ ಜಾಗದಲ್ಲಿ ಕೂರುತ್ತದೆ, ಅಲ್ವಾ? ಆ 'ನಿನ್ನದು' ಎಂಬ ಪದವನ್ನು ಒಬ್ಬೊಬ್ಬರು ಹೇಗೆ ಹಿಡಿಯುತ್ತಾರೆ ಅಂತ ಕೇಳಿ. ನಾನು ಟೆನರ್‌ಗಳನ್ನು ಅಳೆಯುವುದು ಅಲ್ಲೇ.

ಡೊಮಿಂಗೊ 1990ರಲ್ಲಿ ರೋಮ್‌ನ ಕರಕಲ್ಲಾ ಸ್ನಾನಗೃಹಗಳ ಹಳೇ ಅವಶೇಷಗಳ ನಡುವೆ, ನಮ್ಮ ಜುಬಿನ್ ಮೆಹ್ತಾ ನಿರ್ದೇಶನದಲ್ಲಿ ಹಾಡಿದರು. ದನಿ ಬೆಚ್ಚಗಿದೆ, ತುಂಬಿದೆ. ಆದರೆ ಬಯಲಿಗೆಲ್ಲ ಸಾರುವ ಪ್ರೀತಿ ಅದು. ಲೀಸಾ ಒಬ್ಬಳೇ ಎದುರಿಗಿದ್ದಾಳೆ ಅನ್ನಿಸುವುದಿಲ್ಲ.

ಟೌಬರ್ ವಿಷಯ ಬೇರೆ. ಲೆಹಾರ್ ಇದನ್ನು ಬರೆದದ್ದೇ ಅವರಿಗಾಗಿ. ಬರ್ಲಿನ್‌ನ ಆ ಮೊದಲ ಪ್ರದರ್ಶನದಲ್ಲಿ ರಾಜಕುಮಾರ ಅವರೇ. ಅವರದು ಭಾರೀ ದನಿಯಲ್ಲ, ತಾರದಲ್ಲಿ ಬೆರಗು ಹುಟ್ಟಿಸುವ ಸ್ವರಗಳೂ ಇಲ್ಲ. ಆದರೆ ದನಿ ತಗ್ಗಿಸಿ ಹಾಡುವುದರಲ್ಲಿ ಅವರಿಗೆ ಸಾಟಿ ಇಲ್ಲ. 'ಇನ್ನೊಂದು ಸಲ ಹೇಳು' ಅಂತ ಬೇಡುವ ಸಾಲಿಗೆ ಬಂದಾಗ ಕಣ್ಣು ಮುಚ್ಚಿ ಕೇಳಿ. ಲಯವನ್ನು ಸ್ವಲ್ಪ ಎಳೆದು, ಪಕ್ಕದಲ್ಲಿ ಕೂತವಳಿಗೆ ಮಾತ್ರ ಕೇಳುವ ಹಾಗೆ ಹೇಳುತ್ತಾರೆ. ಹಳೇ ಗ್ರಾಮಫೋನ್ ತಟ್ಟೆಯ ಸರಬರ ಸದ್ದು ಆಗ ನನಗೆ ಕೇಳಿಸುವುದೇ ಇಲ್ಲ. 1933ರಲ್ಲಿ, ನಾಜಿಗಳ ಕಾಟದಿಂದ, ಟೌಬರ್ ಜರ್ಮನಿ ಬಿಡಬೇಕಾಯಿತು. ಹಾಡಿನ ಮಾತು ಕಟ್ಟಿದವರಲ್ಲಿ ಒಬ್ಬರಾದ ಫ್ರಿಟ್ಸ್ ಲೋನರ್-ಬೇಡಾ 1942ರಲ್ಲಿ ನಾಜಿಗಳ ಆಶ್ವಿಟ್ಸ್ ಸಾವಿನ ಶಿಬಿರದಲ್ಲಿ ಸತ್ತರು. 'ನೀನಿಲ್ಲದ ಕಡೆ ನಾನಿರಲಾರೆ' ಎಂಬ ಸಾಲು ಬಂದಾಗ ನನಗೆ ಈ ಇಬ್ಬರ ನೆನಪು ಬಾರದೆ ಇರುವುದಿಲ್ಲ.

ವುಂಡರ್‌ಲಿಶ್ ಹಾಡಿದಾಗ ಇಷ್ಟೆಲ್ಲ ಯೋಚನೆ ಬರುವುದಿಲ್ಲ, ಸುಮ್ನೆ ಕೇಳಬೇಕು. ದನಿ ಎಲ್ಲಿಯೂ ತಡೆಯುವುದಿಲ್ಲ, ಸ್ವರ ಮೇಲೇರಿದಷ್ಟೂ ಅರಳುತ್ತದೆ. ಪದಗಳೂ ಗಾಜಿನಷ್ಟು ಸ್ಪಷ್ಟ. 1966ರ ಸೆಪ್ಟೆಂಬರ್‌ನಲ್ಲಿ ಮೆಟ್ಟಿಲಿಂದ ಬಿದ್ದು ತೀರಿಕೊಂಡರು, ಆಗಿನ್ನೂ ಮೂವತ್ತೈದು. ಅವರ ರಾಜಕುಮಾರ ಬಲು ಸಂತೋಷದವನು, ನನ್ನ ತಕರಾರು ಅಷ್ಟೇ.

ಇತ್ತೀಚಿನವರಲ್ಲಿ ಯೊನಾಸ್ ಕೌಫ್‌ಮನ್ 2014ರ ಆಲ್ಬಂನಲ್ಲಿ ಹಾಡಿದ್ದಾರೆ. ದನಿ ಗಾಢ, ಕಪ್ಪು ಜಾಸ್ತಿ. ನನಗೆ ಸ್ವಲ್ಪ ಭಾರ ಅನ್ನಿಸಿತು, ಆದರೆ ಮೆಲ್ಲಗೆ ಹಾಡುವ ಕಡೆಗಳಲ್ಲಿ ಮನಸ್ಸಿಟ್ಟು ಹಾಡಿದ್ದಾರೆ.

ಬಿಡಿ ಹಾಡು ಸಾಲದು, ಇಡೀ ಕಥೆಯೇ ಬೇಕು ಅನ್ನಿಸಿದರೆ ಟೆನರ್ ನಿಕೊಲಾಯ್ ಗೆಡ್ಡಾ ಮತ್ತು ಗಾಯಕಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ 1953ರಲ್ಲಿ ಮಾಡಿದ ಪೂರ್ತಿ ರೆಕಾರ್ಡಿಂಗ್ ಕೇಳಿ. ಗೆಡ್ಡಾಗೆ ಆಗ ಇಪ್ಪತ್ತೇಳು. ನಾಚಿಕೆ ಇನ್ನೂ ಬಿಡದ ಹುಡುಗನ ಹಾಗೆ ಹಾಡುತ್ತಾರೆ. ಈ ಹಾಡಿಗೇ ನೇರವಾಗಿ ಹೋಗಬೇಡಿ. ಮೊದಲ ಅಂಕದ ನಗುವಿನ ಹಾಡಿನಿಂದ ಶುರು ಮಾಡಿ, ಆಮೇಲೆ 'ಡೈನ್' ಬರಲಿ.