ಆಯಿಲ್ ಇಳಿಯುವುದೇ ಇಲ್ಲ, ಪ್ರೆಶರ್ ಮಾತ್ರ ಇಳಿಯುತ್ತದೆ

ಪ್ರಶ್ನೆ: ನಮ್ಮದು ಟಾಟಾ 1613, 697 ಇಂಜಿನ್‌ನ ಹಳೇ ಲಾರಿ. ಮಲ್ಪೆಯಿಂದ ಹಾಸನಕ್ಕೆ ಮೀನಿನ ಲೋಡ್. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆಯಿಲ್ ಪ್ರೆಶರ್ ಮೀಟರ್ 4 ಕೆಜಿ (ಚದರ ಸೆಂ.ಮೀ.ಗೆ) ತೋರಿಸುತ್ತದೆ. ಶಿರಾಡಿ ಘಾಟಿ ಹತ್ತಿ ಸಕಲೇಶಪುರದಲ್ಲಿ ಚಾಗೆ ನಿಲ್ಲಿಸಿದರೆ, ಐಡ್ಲಿಂಗ್‌ನಲ್ಲಿ ಮುಳ್ಳು ಸೊನ್ನೆಗೆ ಬಂದು ಕೂರುತ್ತದೆ. ರೇಸ್ ಮಾಡಿದರೆ 2ಕ್ಕೆ ಏರುತ್ತದೆ. ಆಯಿಲ್ ಕಮ್ಮಿ ಇಲ್ಲ, ಮಳೆಗಾಲದಿಂದ ಟಾಪ್‌ಅಪ್ ಮಾಡಿಯೇ ಇಲ್ಲ, ಆದರೂ ಆಯಿಲ್ ಅಳೆಯುವ ಕಡ್ಡಿಯಲ್ಲಿ ಮೇಲಿನ ಗೆರೆ ದಾಟಿದೆ. ಒಬ್ಬ ಮೆಕ್ಯಾನಿಕ್ ಇಂಜಿನ್ ಇಳಿಸಬೇಕು ಅಂತಾರೆ, ಇನ್ನೊಬ್ಬರು ದಪ್ಪ ಆಯಿಲ್ ಹಾಕಿ ಓಡಿಸಿ ಅಂತಾರೆ. ಯಾರ ಮಾತು ಕೇಳಲಿ?
– ಲಾರಿ ಮಾಲೀಕರು, ಮಲ್ಪೆ

ಉತ್ತರ: ಸದ್ಯಕ್ಕೆ ಇಬ್ಬರದ್ದೂ ಬೇಡ ಮಾರಾಯ್ರೇ. ನೀವು ಸಮಾಧಾನದಿಂದ ಬರೆದ ಮಾತೇ ನನಗೆ ಭಯ ಹುಟ್ಟಿಸಿತು. ಹಳೇ 697 ಇಂಜಿನ್ ಸ್ವಲ್ಪವಾದರೂ ಆಯಿಲ್ ಕುಡಿಯಲೇಬೇಕು. ಟಾಪ್‌ಅಪ್ ಇಲ್ಲದೆ ಗೆರೆ ಮೇಲೆ ಹೋಗಿದೆ ಅಂದರೆ ಚೇಂಬರ್‌ಗೆ, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿಗೆ, ಬೇರೆ ಏನೋ ಸೇರುತ್ತಿದೆ. ನೀರಾದರೆ ಆಯಿಲ್ ಹಾಲು ಹಾಕಿದ ಚಾ ಬಣ್ಣಕ್ಕೆ ತಿರುಗಿರುತ್ತಿತ್ತು, ನೀವು ಹಾಗೆ ಬರೆದಿಲ್ಲ. ನನ್ನ ಗುಮಾನಿ ಡೀಸೆಲ್ ಮೇಲೆ. ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸೋರಿದರೂ, ಟ್ಯಾಂಕಿನಿಂದ ಡೀಸೆಲ್ ಎಳೆಯುವ ಫೀಡ್ ಪಂಪಿನ ಸೀಲ್ ಹೋದರೂ ಹೀಗಾಗುತ್ತದೆ. ಆಯಿಲ್ ತೆಳ್ಳಗಾಗಿ, ಬಿಸಿಯಾದಾಗ ಬೇರಿಂಗ್ ಸಂದಿನಲ್ಲಿ ನಿಲ್ಲದೆ ಜಾರಿಹೋಗುತ್ತದೆ.

ಕಡ್ಡಿ ತೆಗೆದು ಮೂಸಿ ನೋಡಿ. ಒಂದು ಹನಿಯನ್ನು ಪೇಪರಿನ ಮೇಲೆ ಬಿಟ್ಟು ಸ್ವಲ್ಪ ಹೊತ್ತು ಬಿಡಿ. ಕಪ್ಪು ಚುಕ್ಕೆಯ ಸುತ್ತ ತೆಳುವಾದ ಎಣ್ಣೆ ಉಂಗುರ ಅಗಲವಾಗಿ ಹರಡಿದರೆ ಡೀಸೆಲ್ ಇರುವ ಸಾಧ್ಯತೆ ಜಾಸ್ತಿ.

ಆದರೆ ಮೊದಲು ಮೀಟರ್ ನಿಜ ಹೇಳುತ್ತಿದೆಯಾ ಅಂತ ಗೊತ್ತಾಗಬೇಕಲ್ವಾ? ಮೀನು ಲಾರಿಯಲ್ಲಿ ಐಸ್ ಕರಗಿದ ಉಪ್ಪುನೀರು ಚಾಸಿ ಮೇಲೆಲ್ಲ ಸೋರುತ್ತದೆ, ವಯರ್ ತುದಿಗಳಿಗೆ, ಅರ್ತಿಂಗ್‌ಗೆ ತುಕ್ಕು ಹಿಡಿಯುತ್ತದೆ. ಮಲ್ಪೆಯ ಗಾಡಿಗಳ ಮೀಟರನ್ನು ನಾನು ಸುಮ್ನೆ ನಂಬುವುದಿಲ್ಲ. ಇಂಜಿನ್ ಬ್ಲಾಕಿನಲ್ಲಿರುವ, ಮೀಟರ್‌ಗೆ ಲೆಕ್ಕ ಕಳಿಸುವ ಪ್ರೆಶರ್ ಸೆಂಡರ್ ಕಳಚಿ, ಅದೇ ತೂತಿಗೆ ಮೆಕ್ಯಾನಿಕಲ್ ಗೇಜ್ ಕಟ್ಟಿಸಿ. ತಣ್ಣಗಿದ್ದಾಗ ನೋಡಿದರೆ ಪ್ರಯೋಜನ ಇಲ್ಲ. ಉಡುಪಿಯಿಂದ ಪಡುಬಿದ್ರಿವರೆಗೆ ಓಡಿಸಿ ಬಂದು, ಇಂಜಿನ್ ಪೂರ್ತಿ ಬಿಸಿ ಇರುವಾಗ ಐಡ್ಲಿಂಗ್‌ನಲ್ಲೂ ರೇಸ್‌ನಲ್ಲೂ ನೋಡಿ. ಬಿಸಿ ಐಡ್ಲಿಂಗ್‌ನಲ್ಲಿ 1 ಕೆಜಿ ಆಸುಪಾಸು ಬಂದರೆ ಹಳೇ ಇಂಜಿನ್‌ಗೆ ಸಾಕು, ಸೆಂಡರ್ ಬದಲಿಸಿ. ಅರ್ಧ ಕೆಜಿಗಿಂತ ಕೆಳಗಿದ್ದರೆ ಘಾಟಿ ಹತ್ತಬೇಡಿ.

ಗೇಜ್ ಏನೇ ಹೇಳಲಿ, ಕಡ್ಡಿಯ ಗೆರೆ ಮೇಲೇರಿದೆಯಲ್ಲ, ಮೊದಲ ಕೆಲಸ ಡೀಸೆಲ್ ಸೋರುವ ಜಾಗ ಹಿಡಿಯುವುದು. ಇಂಜೆಕ್ಟರ್‌ಗಳನ್ನು ಡೀಸೆಲ್ ಪಂಪ್ ರಿಪೇರಿಯ ಪಂಪ್ ರೂಮಿನಲ್ಲಿ ಟೆಸ್ಟ್ ಮಾಡಿಸಿ, ಫೀಡ್ ಪಂಪ್ ನೋಡಿಸಿ. ಅದು ನಿಂತ ಮೇಲೆಯೇ ಕಂಪನಿ ಹೇಳಿದ ಗ್ರೇಡಿನ ಹೊಸ ಆಯಿಲ್ ಮತ್ತು ಫಿಲ್ಟರ್. ಸೋರಿಕೆ ಇದ್ದಂತೆ ಹೊಸ ಆಯಿಲ್ ಹಾಕಿದರೆ ದುಡ್ಡು ಚರಂಡಿಗೆ. ದಪ್ಪ ಆಯಿಲಿನಿಂದ ಮುಳ್ಳು ಮೇಲೇಳುತ್ತದೆ, ಸುಳ್ಳಲ್ಲ. ರೋಗ ಇದ್ದಲ್ಲೇ ಇರುತ್ತದೆ, ಬೆಳಗ್ಗಿನ ಸ್ಟಾರ್ಟಿಂಗ್‌ನಲ್ಲಿ ಆಯಿಲ್ ಮೇಲಿನವರೆಗೆ ಏರಲು ತಡವೂ ಆಗುತ್ತದೆ. ಗಾಡಿ ಮಾರುವವರು ಮಾಡುವ ಕೆಲಸ ಅದು.

ತೆಗೆದ ಹಳೇ ಫಿಲ್ಟರ್ ಬಿಸಾಡಬೇಡಿ. ಕಾಗದದ ಮಡಿಕೆ ಬಿಡಿಸಿ ಬಿಸಿಲಿಗೆ ಹಿಡಿಯಿರಿ. ಮಿಣಮಿಣ ಹುಡಿ ಕಂಡರೆ ಬೇರಿಂಗ್ ಸವೆಯುತ್ತಿದೆ.

ಹೊಸ ಆಯಿಲಿನಲ್ಲೂ ಬಿಸಿ ಐಡ್ಲಿಂಗ್ ಪ್ರೆಶರ್ ಬರದಿದ್ದರೆ ಚೇಂಬರ್ ಇಳಿಸಿ. ಇಡೀ ಇಂಜಿನ್ ಈಗಲೇ ಬೇಡ. ಹೆಚ್ಚಾದ ಪ್ರೆಶರ್ ಬಿಟ್ಟುಕೊಡುವ ರಿಲೀಫ್ ವಾಲ್ವ್ ಕಸ ಸಿಕ್ಕಿ ತೆರೆದೇ ನಿಂತಿದೆಯಾ, ಸ್ಪ್ರಿಂಗ್ ಸೋತಿದೆಯಾ ನೋಡಿಸಿ. ಆಯಿಲ್ ಪಂಪಿನ ಬಾಯಿಯ ಜಾಲರಿ, ಅಂದರೆ ಸ್ಟ್ರೇನರ್, ಕಟ್ಟಿದ್ದರೆ ರೇಸ್ ಕೊಟ್ಟಾಗ ಮುಳ್ಳು ಬೀಳಬೇಕಿತ್ತು, ನಿಮ್ಮದು ಏರುತ್ತದೆ. ಆದರೂ ಚೇಂಬರ್ ಇಳಿಸಿದ ಮೇಲೆ ತೊಳೆಯದೆ ಬಿಡಬೇಡಿ. ಆಮೇಲೆ ಒಂದು ಕನೆಕ್ಟಿಂಗ್ ರಾಡ್ ಮತ್ತು ಒಂದು ಮೇನ್ ಬೇರಿಂಗಿನ ಕ್ಯಾಪ್ ಬಿಚ್ಚಿಸಿ. ಬೇರಿಂಗಿನ ಅರ್ಧ ಬಳೆಯಂಥ ಶೆಲ್‌ನಲ್ಲಿ ತಾಮ್ರದ ಬಣ್ಣ ಹೊರಬಿದ್ದಿದ್ದರೆ ನಿಮ್ಮ ಮೊದಲ ಮೆಕ್ಯಾನಿಕ್ ಹೇಳಿದ್ದೇ ಸರಿ, ಇಂಜಿನ್ ಇಳಿಸಿ. ಲೇತಿನವರು ಕ್ರ್ಯಾಂಕ್ ಅಳೆದು, ಅದನ್ನು 0.25 ಮಿ.ಮೀ.ಗೆ ಅರೆದರೆ ಸಾಕಾ, 0.50 ಬೇಕಾ ಅಂತ ಹೇಳುವವರೆಗೆ ಬೇರಿಂಗ್ ಖರೀದಿಸಬೇಡಿ.